ಯಾರ ಪಕ್ಕ ಯಾರು

ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಕಿಟಕಿಗೆ ಮುಖ ಮಾಡಿಕೊಂಡಿತ್ತು. ಅಂದರೆ ನಮಗೆಲ್ಲ ಬೆನ್ನು. ಹೊಸದಾಗಿ ಸೇರಿದವರು ಇದನ್ನು ಸೊಕ್ಕು ಎಂದುಕೊಳ್ಳುತ್ತಿದ್ದರು. ಹಳಬರಾದ ನಾವೂ ಹಾಗೆಯೇ ಅಂದುಕೊಂಡಿದ್ದೆವು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಶಿಕಾರಿಪುರದ ಆ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು, ನಾನು ಅರ್ಥಶಾಸ್ತ್ರ. ನನ್ನ ಮೇಜು ಅವರದಕ್ಕೆ ಅಂಟಿಕೊಂಡಿತ್ತು. ಸೊರಬದಿಂದ ಬೆಳಗಿನ ಬಸ್ಸು ಹಿಡಿದು, ಶಿರಾಳಕೊಪ್ಪದ ತನಕ ನಿಂತೇ ಬಂದು, ಸುಸ್ತಾಗಿ ಕುರ್ಚಿಗೆ ಬಿದ್ದರೆ ನನಗೆ ಮೊದಲು ಕಾಣುತ್ತಿದ್ದದ್ದು ಅವರ ಜಡೆ.

ಹೋದ ತಿಂಗಳು ಅವರು ತೀರಿಕೊಂಡರು. ನಿವೃತ್ತಿಯಾಗಿ ಕೆಲವು ವರ್ಷಗಳಾಗಿದ್ದವು. ನಾನೂ ಈಗ ನಿವೃತ್ತಳು. ಈಗಿನ ಪ್ರಿನ್ಸಿಪಾಲರು ಫೋನ್ ಮಾಡಿ, "ಶ್ರದ್ಧಾಂಜಲಿ ಸಭೆ ಇಟ್ಕಂಡೀವಿ ಮೇಡಂ. ನೀವೇ ನಾಲ್ಕು ಮಾತಾಡ್ಬೇಕು. ಬೇರೆ ಯಾರಿಗೂ ಅವರ ಬಗ್ಗೆ ಏನೂ ಗೊತ್ತಿಲ್ಲ" ಎಂದರು. ಅಷ್ಟು ವರ್ಷ ದುಡಿದ ಜಾಗದಲ್ಲಿ ಒಬ್ಬರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ ಎನ್ನುವುದನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಒಂದು ಕ್ಷಣ ಬೇಜಾರೇ ಆಯಿತು. ಆ ದಿನ ವೇದಿಕೆಯ ಮೇಲೆ ನಾನು ಆಡಬೇಕೆಂದಿದ್ದ ಮಾತು ಆಡಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಊರಿನ ಹಳೆಯ ಮಂಡಕ್ಕಿ ಭಟ್ಟಿಯ ಮನೆಯವರು. ತಂದೆಯ ಕಾಲದಲ್ಲಿ ಶುರುವಾದ ಭಟ್ಟಿ, ಆಮೇಲೆ ಅಣ್ಣನ ಕೈಗೆ ಬಂದಿತ್ತು. ಅವರು ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಪುರುಸೊತ್ತಾಗ್ಲಿಲ್ಲರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಕಾಲೇಜಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಆದರೂ ತವರಿನ ರೂಢಿ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ನೆಂಟರು ಬಂದರೆ ಮಂಡಕ್ಕಿ, ಜಗಳವಾಡಿದ ಮಕ್ಕಳನ್ನು ಕೂಡಿಸಲು ಮಂಡಕ್ಕಿ, ಸಾಲ ಕೇಳಲು ಬಂದವನಿಗೂ ಇಲ್ಲ ಎನ್ನುವ ಮೊದಲು ಒಂದು ತಟ್ಟೆ ಮಂಡಕ್ಕಿ. ನಾನು ಕೆಲಸಕ್ಕೆ ಸೇರಿದ ದಿನ ಅವರು ನನ್ನ ಹೆಸರನ್ನೂ ಕೇಳಲಿಲ್ಲ. ಡ್ರಾಯರ್ ಎಳೆದು ಒಗ್ಗರಣೆ ಮಂಡಕ್ಕಿಯ ಡಬ್ಬಿ ತೆಗೆದು ನನ್ನ ಮುಂದಿಟ್ಟು, ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು.

ಎರಡು ತುತ್ತು ತಿಂದು ನಾನೇ ಕೇಳಿದೆ. "ಎಂತ ನೋಡ್ತಿದ್ದೀರಿ ಮೇಡಂ?"

"ಬೇಲಿ."

"ಬೇಲಿಲಿ ಎಂತ ಇದೆ?"

"ಜನ ಅದಾರ್ರಿ."

ಎದ್ದು ಹೋಗಿ ನೋಡಿದೆ. ಬೇಲಿಯ ಬುಡದಲ್ಲಿ ಬೂದು ಬಣ್ಣದ, ಕೆದರಿದ ಪುಕ್ಕದ, ಹಳದಿ ಕೊಕ್ಕಿನ ಹಕ್ಕಿಗಳು ಒಣಗಿದ ಎಲೆ ಮಗುಚುತ್ತಾ ಒಂದೇ ಸಮನೆ ಕಚಪಚ ಮಾಡುತ್ತಿದ್ದವು. ಹರಟೆಮಲ್ಲ ಎಂದು ಅವಕ್ಕೆ ಪುಸ್ತಕದಲ್ಲಿ ಹೆಸರು. ಆ ಹೆಸರು ಇಟ್ಟವರು ನಮ್ಮ ಸ್ಟಾಫ್ ರೂಮಿಗೆ ಬಂದಿರಲಿಲ್ಲ, ಬಂದಿದ್ದರೆ ಹಕ್ಕಿಗೆ ಬೇರೆ ಹೆಸರು ಹುಡುಕುತ್ತಿದ್ದರು ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. "ಇವು ಮಾತಾಡ್ತಾವೆ, ಆದ್ರೆ ಕೆಲ್ಸಾನೂ ಮಾಡ್ತಾವ್ರಿ" ಎಂದರು.

ಆ ಕೆಲಸವೇ ಅವರ ಹುಚ್ಚು. ಹರಟೆಮಲ್ಲಗಳು ಗುಂಪಿನಲ್ಲಿ ಬಾಳುವ ಹಕ್ಕಿಗಳು. ಒಂದು ಜೋಡಿ ಮರಿ ಮಾಡಿದರೆ ಗುಂಪಿನ ಮಿಕ್ಕವು ಆ ಮರಿಗಳಿಗೆ ಹುಳ ತಂದು ತಿನ್ನಿಸುತ್ತವೆ. ಉಳಿದವು ಮೇಯುವಾಗ ಒಂದು ಹಕ್ಕಿ ಎತ್ತರದಲ್ಲಿ ಕೂತು ಕಾವಲು ಕಾಯುತ್ತದೆ. ಬೆಕ್ಕೋ ಹಾವೋ ಕಂಡರೆ ಎಲ್ಲ ಸೇರಿ ಮೇಲೆ ಬೀಳುತ್ತವೆ. ಆದರೆ ಎಲ್ಲ ಹಕ್ಕಿಯೂ ಒಂದೇ ಸಮ ದುಡಿಯುವುದಿಲ್ಲ. ಒಂದು ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಮರಿಗೆ ತುತ್ತು ಹೊರುತ್ತದೆ, ಇನ್ನೊಂದು ಆರಾಮಾಗಿ ಮೈ ಕಾಯಿಸಿಕೊಳ್ಳುತ್ತದೆ. ರಕ್ತಸಂಬಂಧವೇ ಕಾರಣ ಎಂದು ಹಲವರು ಹೇಳುತ್ತಿದ್ದರು. ಅದಷ್ಟೇ ಸಾಲದು ಎಂದು ಇವರ ವಾದ. ಯಾವ ಹಕ್ಕಿಗೆ ಯಾವ ಹಕ್ಕಿಯ ಒಡನಾಟ, ಯಾರು ಯಾರ ಜೊತೆ ಹೆಚ್ಚು ಇರುತ್ತಾರೆ, ಅದರ ಮೇಲೆ ಸಹಾಯ ನಿಂತಿದೆ ಎನ್ನುವುದನ್ನು ತೋರಿಸಲು ಅವರು ಪಿಎಚ್.ಡಿ.ಗೆ ಸೇರಿದ್ದರು. ನಡುವಯಸ್ಸು ದಾಟಿದ ಮೇಲೆ.

ಹಕ್ಕಿಗಳನ್ನು ಒಂದರಿಂದ ಒಂದು ಗುರುತಿಸಬೇಕಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬಲೆ ಹಾಕಿ ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ ಬಿಡುತ್ತಿದ್ದರು. ಕೆಂಪು-ಬಿಳಿ, ಹಸಿರು-ನೀಲಿ, ಹಳದಿ-ಕಪ್ಪು, ಹೀಗೆ ಉಂಗುರದ ಬಣ್ಣವೇ ಹಕ್ಕಿಯ ಹೆಸರು. ವಿದ್ಯಾರ್ಥಿಗಳು ಇವರಿಗೆ ಬಳೆ ಮೇಡಂ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. "ತೊಡ್ಸೋಳಿಗೆ ಹಂಗೆ ಅನ್ನೋದು ಸರಿ ಐತ್ರಿ" ಎಂದರು. ನಾನು ಒಮ್ಮೆ ಕೆಂಪು-ಬಿಳಿಯನ್ನು 'ಅವನು' ಎಂದದ್ದಕ್ಕೆ ಮಾತ್ರ ಪಾಠ ಮಾಡುವ ದನಿಯಲ್ಲಿ ತಿದ್ದಿದರು. ಈ ಹಕ್ಕಿಯಲ್ಲಿ ಗಂಡು ಹೆಣ್ಣು ನೋಡಿದರೆ ತಿಳಿಯುವುದಿಲ್ಲ. ತಿಳಿಯದ್ದನ್ನು ಹೇಳಬಾರದು.

ಹಕ್ಕಿಗಳು ಕಣ್ಣೆದುರಿಗೆ ಬರಲಿ ಎಂದು ಅವರು ಹಿಡಿದ ದಾರಿ ಅವರ ಮನೆತನದ್ದೇ. ಪ್ರಯೋಗಾಲಯದ ಹಿಂದೆ ಒಂದು ಚಪ್ಪಡಿ ಕಲ್ಲಿತ್ತು. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ಆ ಕಲ್ಲಿನ ಮೇಲೆ ಒಂದು ಬೊಗಸೆ ಮಂಡಕ್ಕಿ ಚೆಲ್ಲಿ ಪ್ರಯೋಗಾಲಯದ ಕಿಟಕಿಯ ಒಳಗೆ ಬಂದು ಕೂರುತ್ತಿದ್ದರು. ಹಕ್ಕಿಗಳು ಬರುತ್ತಿದ್ದವು. ಯಾರು ಯಾರ ಜೊತೆ ಬಂದರು, ಯಾರು ಯಾರ ಪುಕ್ಕ ಕೊಕ್ಕಿನಿಂದ ತೀಡಿದರು, ಹಾರಲು ಕಲಿತು ಹಿಂದೆ ಬಂದ ಮರಿಗಳಿಗೆ ಯಾರು ತುತ್ತಿಟ್ಟರು, ಎಲ್ಲ ಕಿಟಕಿಯಿಂದಲೇ ಬರೆದುಕೊಳ್ಳುತ್ತಿದ್ದರು. ಮಂಡಕ್ಕಿ ಮುಗಿಯುವ ಹೊತ್ತಿಗೆ ಅಣ್ಣ ಮೊಪೆಡ್ಡಿನ ಮೇಲೆ ಮೂಟೆ ಕಟ್ಟಿಕೊಂಡು ಬರುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಹುಬ್ಬಿನಲ್ಲಿ ಭಟ್ಟಿಯ ಮಸಿ. ಮೂಟೆ ತಾವೇ ಹೊತ್ತು ಒಳಗೆ ಇಡುತ್ತಿದ್ದರು. "ಹೊಸ ಭತ್ತದ್ದು ತಂದೀನ್ರಿ" ಎಂದು ನನಗೊಮ್ಮೆ ಹೇಳಿದರು. "ಹಕ್ಕಿಗೆ ಅಂದ್ರೆ ಒಳ್ಳೇದು ಕೊಡ್ಬೇಕು. ಮನುಷ್ಯರು ಹೆಂಗೂ ತಿಂತಾರೆ." ಆಮೇಲೆ ಸ್ವಲ್ಪ ಹೊತ್ತು ತಂಗಿಯ ಪಕ್ಕ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ.

ಅವರು ಬರೆದ ಚಿತ್ರವೊಂದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಂದೊಂದು ಹಕ್ಕಿಗೆ ಒಂದೊಂದು ಚುಕ್ಕೆ. ಜೊತೆಯಾಗಿ ಕಾಣಿಸಿಕೊಂಡವುಗಳ ನಡುವೆ ಗೆರೆ. ಹೆಚ್ಚು ಜೊತೆಯಿದ್ದರೆ ದಪ್ಪ ಗೆರೆ. ಎಳೆ ತಪ್ಪಿದ ರಂಗೋಲಿಯ ಹಾಗೆ ಕಂಡಿತು ನನಗೆ. ನಟ್ಟನಡುವೆ ಕೆಂಪು-ಬಿಳಿ, ಅದರ ಸುತ್ತ ಗೆರೆಗಳ ಗಿಜಿಬಿಜಿ. ಹಾಳೆಯ ಮೂಲೆಯಲ್ಲಿ ಹಳದಿ-ಕಪ್ಪು, ಅದಕ್ಕೊಂದೇ ಕೂದಲೆಳೆಯಂಥ ಗೆರೆ. "ಇದು ಯಾರ ಜೊತೀಗೂ ಸೇರಲ್ಲ. ಯಾರ ಮರಿಗೂ ತುತ್ತು ಕೊಡಲ್ಲ" ಎಂದು ವಿವರಿಸಿದರು. ಒಡನಾಟ ಹೆಚ್ಚಿದ್ದ ಹಕ್ಕಿ ಹೆಚ್ಚು ಸಹಾಯ ಮಾಡುತ್ತದೆ, ಒಂಟಿ ಹಕ್ಕಿ ಮಾಡುವುದಿಲ್ಲ. ಇದು ಅವರ ಮಹಾಪ್ರಬಂಧದ ತಿರುಳು.

"ಮೂಲೆಲಿ ಇರೋದು ನೀವೇ ಅಲ್ವ?" ಎಂದು ರೇಗಿಸಿದೆ.

"ನನ್ನ ಕಾಲಿಗೆ ಬಳೆ ಇಲ್ಲರಿ" ಎಂದರು, ಹಾಳೆಯಿಂದ ಮುಖವೆತ್ತದೆ.

ಪ್ರಬಂಧ ಬರೆದು ಮುಗಿಯಿತು. ಬೈಂಡಾಗಿ ಬಂತು. ಸಲ್ಲಿಸುವುದೊಂದೇ ಬಾಕಿ. ಆಗ ಅವರು ಬಾಡಿಗೆ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಹಾಸಿಗೆ ಹಿಡಿದಿದ್ದಷ್ಟು ಕಾಲ ಕಲ್ಲಿನ ಮೇಲೆ ಮಂಡಕ್ಕಿ ಹಾಕುವವರು ಯಾರೂ ಇರಲಿಲ್ಲ. ಪಟ್ಟಿ ಕಟ್ಟಿದ ಕಾಲಿನಲ್ಲೇ ಮತ್ತೆ ಕಾಲೇಜಿಗೆ ಬಂದಾಗ ಮೆಟ್ಟಿಲೇರಿ ಪ್ರಯೋಗಾಲಯಕ್ಕೆ ಹೋಗಲಾಗದೆ, ಅಟೆಂಡರ್ ಕೈಲಿ ಕುರ್ಚಿ ಹಾಕಿಸಿಕೊಂಡು ಬೇಲಿಯ ಆಚೆ ಹೊಂಗೆ ಮರದ ಕೆಳಗೆ ಕೂತರು. ಆ ಕಡೆಯಿಂದ ಅವರು ಬೇಲಿಯನ್ನು ನೋಡಿಯೇ ಇರಲಿಲ್ಲ. ಅಲ್ಲಿ ಮುಳ್ಳುಕಂಟಿಯ ಒಳಗೆ ಒಂದು ಗೂಡಿತ್ತು. ಮರಿಗಳಿದ್ದವು.

ಆ ದಿನ ಮಧ್ಯಾಹ್ನ ಅವರು ಊರುಗೋಲು ಕುಟ್ಟುತ್ತಾ ಸ್ಟಾಫ್ ರೂಮಿಗೆ ಬಂದು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿ ಕೂತರು. ಮುಖ ಬಿಳಿಚಿಕೊಂಡಿತ್ತು. ಕಾಲು ನೋಯುತ್ತಿದೆಯೇನೋ ಎಂದುಕೊಂಡೆ.

"ಗೂಡಿಗೆ ಹುಳ ಹೊರ್ತಿರೋದು ಯಾರು ಗೊತ್ತೇನ್ರಿ? ಹಳದಿ-ಕಪ್ಪು. ಬೆಳಗಿಂದ ಅದೇ ಬರ್ತೈತಿ, ಅದೇ ಹೋಗ್ತೈತಿ. ಕೆಂಪು-ಬಿಳಿ ಒಂದ್ಸಲ ಬಂದು ಇಣುಕಿ ಹೋತು."

ನನಗೆ ತಕ್ಷಣ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಳದಿ-ಕಪ್ಪು ಕಲ್ಲಿನ ಹತ್ತಿರ ಬರುತ್ತಿದ್ದದ್ದೇ ಅಪರೂಪ. ಅದಕ್ಕೆ ಮಂಡಕ್ಕಿ ಸೇರದೋ, ಕಟ್ಟಡದ ಹೆದರಿಕೆಯೋ, ಯಾವುದೋ ಒಂದು. ಬಾರದ ಹಕ್ಕಿಗೆ ಒಡನಾಡಿಗಳೇ ಇಲ್ಲವೆಂದು ಇವರು ಬರೆದರು. ಕಲ್ಲಿನ ಹತ್ತಿರ ತುತ್ತು ಕೊಡದ್ದಕ್ಕೆ ಎಲ್ಲಿಯೂ ಕೊಡುವುದಿಲ್ಲವೆಂದು ಬರೆದರು. ಧೈರ್ಯದ ಹಕ್ಕಿಗಳು ತಿನ್ನಲು ಒಟ್ಟಾದವು, ಒಟ್ಟಾದದ್ದನ್ನು ಇವರು ಬಳಗ ಎಂದುಕೊಂಡರು.

"ನಾನು ಬರ್ದಿದ್ದು ಹಕ್ಕಿ ಸ್ನೇಹ ಅಲ್ಲರಿ" ಎಂದರು. "ಮಂಡಕ್ಕಿ ಸ್ನೇಹ."

ಬೆಲ್ಲ ಇದ್ದಲ್ಲಿ ಇರುವೆ, ಇದರಲ್ಲಿ ಹೊಸತೇನು ಎಂದು ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ.

ಕಾಲಿನ ದೆಸೆಯಿಂದ ವಿಶ್ವವಿದ್ಯಾಲಯಕ್ಕೆ ಅವರ ಜೊತೆ ನಾನೂ ಹೋದೆ. ಅವರ ಮಾರ್ಗದರ್ಶಕರು ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದಿಟ್ಟು, "ಅಮ್ಮಾ, ಇದಕ್ಕೆ ಇಷ್ಟು ಗಾಬರಿ ಬೇಡ. ಆಹಾರ ಒದಗಿಸಿದ ಸಂದರ್ಭದಲ್ಲಿ ಮಾತ್ರ ಈ ಮಾತು ಅಂತ ಒಂದು ಸಾಲು ಸೇರಿಸಿ. ಯಾರೂ ತಕರಾರು ಮಾಡೋದಿಲ್ಲ" ಎಂದರು.

"ಒಂದು ಸಾಲಿಗೆ ಆಗೋದಲ್ಲ ಸರ್. ಇಡೀ ಪುಸ್ತಕ ಆ ಕಲ್ಲಿನ ಮೇಲೆ ಕುಂತೈತಿ."

"ಮತ್ತೆ ಮೊದಲಿಂದ ಶುರು ಮಾಡಿದರೆ ನಿಮ್ಮ ಸರ್ವಿಸ್ ಮುಗಿಯೋದರೊಳಗೆ ಆಗೋದಿಲ್ಲ. ಡಾಕ್ಟರೇಟ್ ಇಲ್ಲದೆ ನೀವು ಪ್ರಿನ್ಸಿಪಾಲ್ ಆಗೋದೂ ಕಷ್ಟ."

"ಗೊತ್ತೈತಿ ಸರ್" ಎಂದು ಪ್ರಬಂಧದ ಪ್ರತಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವರು ಬಾಯಿಯ ತನಕ ಬಂದದ್ದನ್ನು ತಾವೇ ತಟ್ಟೆಗೆ ಇಳಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಜಗಳವನ್ನೇ ಆಡಿದೆ. ಮಾರ್ಗದರ್ಶಕರು ಹೇಳಿದ್ದರಲ್ಲಿ ತಪ್ಪೇನು, ಸುಳ್ಳು ಬರೆಯಿರಿ ಅಂದರೇ ಅವರು, ಇಷ್ಟು ವರ್ಷ ಕಿಟಕಿಗೆ ಕಣ್ಣು ಕೀಲಿಸಿದ್ದು ನೀರಿನಲ್ಲಿ ಹೋಮವೇ ಎಂದು. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಆ ಹಕ್ಕಿ ಸೋಮಾರಿ ಅಂತ ಬರ್ದೀನ್ರಿ. ಅದು ದಿನಾ ದುಡೀತಿತ್ತು" ಎಂದರು.

"ಮನೇಲಿ ಎಂತ ಹೇಳ್ತೀರಿ? ಅಣ್ಣ ಕೇಳ್ತಾರಲ್ಲ."

ಆಗ ಮಾತ್ರ ಅವರ ದನಿ ತಗ್ಗಿತು. "ಅವನಿಗೆ ಹೇಳೋದು ಬ್ಯಾಡ್ರಿ. ತಾನೇ ಬೆನ್ನ ಮೇಲೆ ಮೂಟೆ ಹೊತ್ತು ತಂದಾನೆ. ನಿನ್ನ ಮಂಡಕ್ಕಿಯಿಂದ ಕೆಟ್ಟಿತು ಅಂತ ಹೆಂಗ್ ಹೇಳ್ಲಿ? ಭಟ್ಟಿ ಮುಂದೆ ಕುಂತು ಅಳ್ತಾನವ." ನೀವು ಕೂಡ ಹೇಳಬಾರದು ಎಂದರು. ಆಗಲಿ ಎಂದೆ.

ಮೊದಲಿಂದ ಶುರು ಮಾಡಲು ಅವರಿಗೆ ಮನುಷ್ಯರ ಕೈಯಿಂದ ಒಂದು ಕಾಳೂ ತಿನ್ನದ ಗುಂಪು ಬೇಕಿತ್ತು. ಸೊರಬದಿಂದ ಉಳವಿಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಹಿಂದೆ ಗದ್ದೆ, ಗದ್ದೆಯ ಆಚೆ ಕಾನು. ಕಾನೆಂದರೆ ನಮ್ಮ ಕಡೆ ಕೊಡಲಿ ತಾಗದ ಹಳೆಯ ಹಸಿರು ಕಾಡು. ಕಾನಿನ ಅಂಚಿನ ಬಿದಿರುಮೆಳೆಯಲ್ಲಿ ಹರಟೆಮಲ್ಲಗಳಿದ್ದವು. ಶನಿವಾರ ಕಾಲೇಜು ಮುಗಿಸಿ ನನ್ನ ಜೊತೆಯೇ ಬಸ್ಸು ಹತ್ತಿ ಬಂದು ಭಾನುವಾರವೂ ಉಳಿಯತೊಡಗಿದರು. ಈ ಸಲವೂ ಹಕ್ಕಿಗಳಿಗೆ ಉಂಗುರ ತೊಡಿಸಿದರು, ಆದರೆ ಕಿಟಕಿಯೂ ಇಲ್ಲ, ಕಲ್ಲೂ ಇಲ್ಲ. ಗದ್ದೆಯ ಬದುವಿನ ಮೇಲೆ ಹಳೆಯ ಕಂಬಳಿ ಹೊದ್ದು ಅಲುಗದೆ ಕೂರುವುದು. ಕಿಸೆಯಲ್ಲಿ ಒಂದು ಕಡಲೆಬೀಜವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ನಮ್ಮ ಅತ್ತೆಗೆ ಇವರೆಂದರೆ ಬಹಳ ಕುತೂಹಲ. "ಆ ಮಾರಾಯ್ತಿ ಎಂತಕ್ಕೆ ಹಾಂಗೆ ಬೆರ್ಚಪ್ಪನ ಥರ ಕೂತ್ಕಂಡದೆ?" ಎಂದು ಮೊದಲು ನಕ್ಕರು. ಆಮೇಲೆ ಅವರು ಕತ್ತಲಾಗುವ ಹೊತ್ತಿಗೆ ಜಗುಲಿಗೆ ಬಂದ ಕೂಡಲೇ ಕಾಫಿ ಲೋಟ ಕೈಗಿಟ್ಟು, "ಇವತ್ತು ಯಾರ ಪಕ್ಕ ಯಾರು?" ಎಂದು ಕೇಳುವುದು ರೂಢಿಯಾಯಿತು.

ಏಕೆಂದರೆ ಅವರು ಈಗ ನೋಡುತ್ತಿದ್ದದ್ದು ಅದನ್ನೇ. ಸೂರ್ಯ ಇಳಿಯುವ ಹೊತ್ತಿಗೆ ಹರಟೆಮಲ್ಲಗಳು ಒಂದೇ ಕೊಂಬೆಯ ಮೇಲೆ ಸಾಲಾಗಿ, ಮೈಗೆ ಮೈ ಒತ್ತಿಕೊಂಡು ಮಲಗುತ್ತವೆ. ಸುಮ್ಮನೆ ಬಂದು ಕೂರುವುದಿಲ್ಲ. ನುಗ್ಗುತ್ತವೆ, ಜಾಗ ಬಿಡಿಸಿಕೊಳ್ಳುತ್ತವೆ, ಒಂದು ಎದ್ದು ಹೋಗಿ ಇನ್ನೊಂದರ ಪಕ್ಕ ತೂರಿಕೊಳ್ಳುತ್ತದೆ. ತಿನ್ನುವಾಗ ಯಾರು ಯಾರ ಜೊತೆ ಬೇಕಾದರೂ ಇರಬಹುದು. ಮೈ ಒತ್ತಿ ಕೂರಲು ಪ್ರತಿ ಹಕ್ಕಿಗೂ ಅದರದೇ ಆಯ್ಕೆ ಇದೆ. ಸಂಜೆ ಯಾರ ಪಕ್ಕ ಕೂತಿತೋ ಬೆಳಿಗ್ಗೆ ಅದರ ಗೂಡಿಗೆ ಹುಳ ಹೊರುತ್ತದೆ. ಎಲ್ಲ ಸಲ ಅಲ್ಲ, ಬಹಳ ಸಲ. ಇಷ್ಟನ್ನು ಹೇಳಲು ಅವರಿಗೆ ಎಷ್ಟೋ ಮಳೆಗಾಲ ಬೇಕಾಯಿತು. ಹೇಳುವಾಗಲೂ 'ಅನ್ನಿಸ್ತೈತಿ' ಎಂದು ಸೇರಿಸುತ್ತಿದ್ದರು.

ಆ ಸಾಲಿನ ತುದಿಯಲ್ಲಿ ಎರಡು ಹಕ್ಕಿಗಳು ಸದಾ ಜೊತೆ ಕೂರುತ್ತಿದ್ದವು. ಒಂದು ಮುದಿ ಹಕ್ಕಿ, ಬಾಲ ಅರ್ಧ ಉದುರಿದ್ದು. ಒಂದು ದಿನ ಗಿಡುಗ ಆ ಮುದಿ ಹಕ್ಕಿಯನ್ನು ಒಯ್ದಿತು. ಉಳಿದದ್ದು ಅದೇ ಗುಂಪಿನಲ್ಲಿ ಹುಟ್ಟಿ ಬೆಳೆದದ್ದು. ಅಲ್ಲಿದ್ದ ಮರಿಗಳು ಅದರ ಒಡಹುಟ್ಟುಗಳೇ ಇರಬೇಕು. ಆದರೂ ಅದು ಮರಿಗಳಿಗೆ ತುತ್ತು ತರುವುದನ್ನು ನಿಲ್ಲಿಸಿತು. ಸಾಲಿನಲ್ಲಿ ಸಲಕ್ಕೊಂದು ಕಡೆ ಕೂರಲು ನೋಡಿತು, ಎಲ್ಲೂ ಹೊಂದಲಿಲ್ಲ. ಕೊನೆಗೆ ಗದ್ದೆ ದಾಟಿ ಪಕ್ಕದ ಗುಂಪಿಗೆ ಹೋಯಿತು. ಅಲ್ಲಿಯೂ ಮೊದಮೊದಲು ದೂರವೇ. ಒಂದು ಸಂಜೆ ಆ ಗುಂಪಿನ ಒಂದು ಹಕ್ಕಿ ಇದಕ್ಕೆ ಒತ್ತಿಕೊಂಡು ಕೂತಿತು. ಮಾರನೆಯ ವಾರ ನೋಡಿದರೆ, ರಕ್ತಸಂಬಂಧವೇ ಇಲ್ಲದ ಮರಿಗಳಿಗೆ ಇದು ಹುಳ ಹೊರುತ್ತಿತ್ತು. ಆ ದಿನ ಅವರು ಜಗುಲಿಗೆ ಬಂದವರು ಕಾಫಿ ಕುಡಿಯದೆ ಸುಮ್ಮನೆ ಕೂತುಬಿಟ್ಟರು. ಅತ್ತೆ ಕೇಳಿದ್ದಕ್ಕೆ, "ಜಾಗ ಸಿಕ್ತು ಅಮ್ಮ ಅದಕ್ಕೆ" ಎಂದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮನುಷ್ಯರಿಗೆ ಇದನ್ನೆಲ್ಲ ಹೊಂದಿಸಿ ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. "ನಮ್ಮದು ಬೇರೆ ರೋಗ" ಎನ್ನುತ್ತಿದ್ದರು. ಆದರೂ ಒಂದು ಹೇಳಬೇಕು. ನನ್ನ ಗಂಡನಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆದಾಗ ನನ್ನ ಜೊತೆ ದಿನವೂ ಟೀ ಕುಡಿಯುವವರೆಲ್ಲ ಫೋನ್ ಮಾಡಿದರು, ದೇವರಿದ್ದಾನೆ ಎಂದರು. ಒಳ್ಳೆಯ ಜನವೇ. ಇವರು ಫೋನ್ ಮಾಡಲಿಲ್ಲ. ಬೆಳಿಗ್ಗೆ ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. 'ಸ್ವಲ್ಪ ಸರೀರಿ' ಎಂಬ ದನಿ ಕೇಳಿತು. ಪಕ್ಕ ಕೂತು, ಚೀಲದಿಂದ ಟೆಸ್ಟ್ ಪೇಪರಿನ ಕಟ್ಟು ತೆಗೆದು, ಬಾಗಿಲು ತೆರೆಯುವ ತನಕ ತಿದ್ದುತ್ತಾ ಕೂತರು. ಒಂದು ಸಮಾಧಾನದ ಮಾತೂ ಆಡಲಿಲ್ಲ. ನನಗೆ ಆ ದಿನ ಅದರಷ್ಟು ಆಸರೆ ಮತ್ತೇನೂ ಆಗಲಿಲ್ಲ.

ಎರಡನೆಯ ಪ್ರಬಂಧ ಮುಗಿಯಲಿಲ್ಲ. ಮಾರ್ಗದರ್ಶಕರು ಹೇಳಿದಂತೆಯೇ ಸರ್ವಿಸ್ ಮೊದಲು ಮುಗಿಯಿತು. ಕಿರಿಯರು ಡಾಕ್ಟರಾಗಿ, ಪ್ರಿನ್ಸಿಪಾಲರಾಗಿ ಅವರ ರಜಾ ಅರ್ಜಿಗೆ ಸಹಿ ಹಾಕಿದರು. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ಅವರು ಆಡಿದ್ದು ಇಷ್ಟೇ: "ಬೇಲಿ ಕಡೀಬ್ಯಾಡ್ರಿ. ಟೀ ಚಲೋ ಇತ್ತು."

ಶ್ರದ್ಧಾಂಜಲಿ ಸಭೆಗೆ ನಾನು ಹೊತ್ತಿಗೆ ಮುಂಚೆಯೇ ಹೋದೆ. ವೇದಿಕೆಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹೂವಿನ ಚಿತ್ರಗಳ ನಡುವೆ ಅವರ ಫೋಟೋ, ಕೆಳಗೆ ಹೆಸರು. ಹೆಸರಿನ ಮುಂದೆ 'ಡಾ.' ಎಂದು ಅಚ್ಚಾಗಿತ್ತು. ನನಗೆ ಮೈ ಉರಿದುಹೋಯಿತು. ಪ್ರಿನ್ಸಿಪಾಲರನ್ನು ಪಕ್ಕಕ್ಕೆ ಕರೆದು ಇದು ತಪ್ಪು, ತೆಗೆಸಿ ಎಂದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಕ್ಕಿಯ ಮೇಲೆ ಅಷ್ಟು ಕೆಲಸ ಮಾಡಿದವರು ಡಾಕ್ಟರೇ ಇರಬೇಕೆಂದು ಪ್ರೆಸ್ಸಿಗೆ ಬರೆದು ಕೊಟ್ಟಿದ್ದರು. "ಇರ್ಲಿ ಬಿಡ್ರಿ ಮೇಡಂ, ಹೋದೋರಿಗೆ ಒಂದು ಗೌರವ. ಈಗ ಕಿತ್ತರೆ ಮನೆಯವರಿಗೆ ಅವಮಾನ ಆಗಲ್ವ?" ಎಂದರು.

ಮನೆಯವರು ಆಗಲೇ ಬಂದಿದ್ದರು. ಅಣ್ಣ ಬಹಳ ಮುದಿಯಾಗಿದ್ದರು. ಹುಬ್ಬು ಈಗ ಪೂರ್ತಿ ಬಿಳಿ. ವೇದಿಕೆಯ ಕೆಳಗೆ ನಿಂತು ಫ್ಲೆಕ್ಸನ್ನೇ ನೋಡುತ್ತಿದ್ದವರು ನನ್ನ ಗುರುತು ಹಿಡಿದು ಹತ್ತಿರ ಬಂದರು.

"ನಮ್ಮ ತಂಗಿ ಡಾಕ್ಟ್ರು ಆಗಿದ್ಲೇನ್ರಿ?" ಎಂದರು. "ನಮಗೆ ಹೇಳೇ ಇಲ್ಲ ನೋಡ್ರಿ. ಅಷ್ಟು ದೂರ ಮಾಡಿದ್ಲು."

"ಯಾಕೆ ಹಾಗಂತೀರಿ?"

"ಒಂದಿನ ಇದ್ದಕ್ಕಿದ್ದಂಗೆ, ಅಣ್ಣ ಇನ್ನ ಮೂಟೆ ತರಬ್ಯಾಡ ಅಂದ್ಲು. ಯಾಕವ್ವ ಅಂದೆ. ಬ್ಯಾಡ ಅಷ್ಟೇ ಅಂದ್ಲು. ಏನು ತಪ್ಪು ಮಾಡೀನಿ ಅಂತ ತಿಳೀಲಿಲ್ಲರಿ. ದೊಡ್ಡ ಓದು ಓದಿದೋಳು, ಭಟ್ಟಿ ಮನಿ ಮೂಟೆ ಕಾಲೇಜಿಗೆ ಬರೋದು ನಾಚಿಕೆ ಆಗಿರ್ಬೇಕು ಅಂದ್ಕಂಡೆ. ಆಮ್ಯಾಲೆ ನಾನೂ ಬರೋದು ಬಿಟ್ಟೆ. ಹಬ್ಬಕ್ಕೆ ಬಂದ್ರೆ ಬಂದ್ಲು, ಉಂಡ್ಲು, ಹೋದ್ಲು. ಮದ್ಲಿನಂಗೆ ಇರಲಿಲ್ಲ."

ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನನಗೆ ಸಿಟ್ಟು ಬಂತು. ಕಾನಿನ ಅಂಚಿನಲ್ಲಿ ಚಳಿಗೆ ನಡುಗುತ್ತಾ ಕೂತು, ಒಂದು ಹಕ್ಕಿ ಇನ್ನೊಂದರಿಂದ ಸರಿದು ಕೂತದ್ದನ್ನು ಕಂಡುಹಿಡಿದವರಿಗೆ, ತನ್ನ ಅಣ್ಣ ಸರಿದು ಕೂತದ್ದು ಕಾಣಲಿಲ್ಲವೇ? ಕಂಡಿದ್ದರೆ ಯಾಕೆ ಸುಮ್ಮನಿದ್ದರು? ಅಣ್ಣನ ಮನಸ್ಸು ನೋಯಬಾರದೆಂದು ಮುಚ್ಚಿಟ್ಟ ಒಂದು ಮಾತು ಇಷ್ಟು ವರ್ಷ ಅಣ್ಣನನ್ನೇ ನೋಯಿಸಿತ್ತು. ನಾನು ಬಸ್ಸಿನಲ್ಲಿ ಅವರಿಗೆ ಆಗಲಿ ಎಂದಿದ್ದೆ ನಿಜ. ಆದರೆ ಆ ಮುದುಕರನ್ನು ಮುಂದಿಟ್ಟುಕೊಂಡು ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಮುಂದಿನ ಸಾಲಿನ ಕುರ್ಚಿಯಲ್ಲಿ ಅವರನ್ನು ಕೂರಿಸಿ ಎಲ್ಲ ಹೇಳಿದೆ. ಕಲ್ಲು, ಮಂಡಕ್ಕಿ, ಬೇಲಿಯೊಳಗಿನ ಗೂಡು, ಹಳದಿ-ಕಪ್ಪು ಹಕ್ಕಿ, ಬೈಂಡಾದ ಪುಸ್ತಕವನ್ನು ಚೀಲದಲ್ಲಿ ವಾಪಸು ತಂದದ್ದು. ಅವರು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

"ಅಂದ್ರೆ ನಮ್ಮ ಮಂಡಕ್ಕಿಯಿಂದ ಅವಳ ಓದು ಕೆಟ್ಟಿತು."

ಅಲ್ಲ ಎನ್ನಬಹುದಿತ್ತು. ಆ ಫೋಟೋದ ಎದುರು ಬಾಯಿ ಬರಲಿಲ್ಲ. "ಹೌದು" ಎಂದೆ. "ನಿಮಗೆ ಸಂಕಟ ಆಗ್ತದೆ ಅಂತ ಹೇಳಲಿಲ್ಲ."

ಸಭಾಂಗಣಕ್ಕೆ ವಿದ್ಯಾರ್ಥಿಗಳು ಬರತೊಡಗಿದ್ದರು.

"ಸಿಟ್ಟಲ್ಲ ಹಂಗಾರೆ" ಎಂದರು.

"ಸಿಟ್ಟಲ್ಲ."

"ನಾಚಿಕೇನೂ ಅಲ್ಲ."

"ಅಲ್ಲವೇ ಅಲ್ಲ."

ಮುಖ ಒರೆಸಿಕೊಂಡು ಎದ್ದರು. ನಾನು ಕೈ ಕೊಡಲು ಹೋದೆ, ಬೇಡವೆಂದರು. ಪ್ರಿನ್ಸಿಪಾಲರ ಬಳಿ ಹೋಗಿ, "ಸರ್, ಹೆಸರಿನ ಮುಂದೆ ಹಾಕೀರಲ್ಲ, ಅದನ್ನ ಮುಚ್ಚಿಸ್ರಿ. ಅದನ್ನ ಅವಳೇ ಬ್ಯಾಡ ಅಂದಾಳೆ" ಎಂದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಅಟೆಂಡರ್ ಬಿಳಿ ಹಾಳೆ ಕತ್ತರಿಸಿ, ಗೋಂದು ಹಚ್ಚಿ, ಕುರ್ಚಿ ಹತ್ತಿ ಅಂಟಿಸಿದ. ಅಣ್ಣ ಕೆಳಗೆ ಕುರ್ಚಿ ಹಿಡಿದುಕೊಂಡು ನಿಂತಿದ್ದರು. "ಅಂಚು ಸರಿಯಾಗಿ ಒತ್ತಪ್ಪ, ಫ್ಯಾನಿನ ಗಾಳಿಗೆ ಎದ್ದೀತು" ಎಂದರು.

ಅವನು ಇಳಿದ ಮೇಲೆ ಅಣ್ಣ ಎರಡು ಹೆಜ್ಜೆ ಹಿಂದೆ ಬಂದು, ತಂಗಿಯ ಹೆಸರನ್ನು ಅಕ್ಷರ ಅಕ್ಷರವಾಗಿ ತುಟಿಯಲ್ಲೇ ಓದಿಕೊಂಡರು. ಆಮೇಲೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದ ಹುಡುಗನಿಗೆ ಸನ್ನೆ ಮಾಡಿ, ಹೆಂಡತಿ ಮಕ್ಕಳನ್ನು ಕೈಬೀಸಿ ವೇದಿಕೆಗೆ ಕರೆದರು.

"ಬರ್ರಿ ಎಲ್ಲಾರು. ಈಗ ಹೊಡೀಲಿ ಫೋಟೋ."